ಎಂಟನೇ ನಂಬರಿನ ಎಡಪಾದ

ಜೂನ್ 3, ಮಂಗಳವಾರ

ಬೆಳಿಗ್ಗೆ ಆರಕ್ಕೆ ಇಳಿದೆವು. ವಿಮಾನ ನಿಲ್ದಾಣದಿಂದ ಹೋಟೆಲಿಗೆ ಬಸ್ಸಿನಲ್ಲಿ ಐವತ್ತು ನಿಮಿಷ. ಇಪ್ಪತ್ತೊಂದು ಹುಡುಗಿಯರು, ಕೋಚ್, ಸಹಾಯಕ ಕೋಚ್, ಮ್ಯಾನೇಜರ್, ನಾನು. ಹದಿನೇಳು ವರ್ಷದೊಳಗಿನವರ ರಾಷ್ಟ್ರೀಯ ಫುಟ್‌ಬಾಲ್ ತಂಡ ಎಂದು ಬಸ್ಸಿನ ಗಾಜಿಗೆ ಬರೆದು ಅಂಟಿಸಿದ್ದರು. ಪಕ್ಕದಲ್ಲಿ ನಮ್ಮ ಬಾವುಟ ತಲೆಕೆಳಗಾಗಿತ್ತು. ಮ್ಯಾನೇಜರ್ ಇಳಿದು ಸರಿ ಮಾಡಿಸಿದರು.

ತಂಡದ ಡಾಕ್ಟರ್ ಬರಬೇಕಿತ್ತು. ಹೊರಡುವ ಮುನ್ನಾದಿನ ಅವರಿಗೇ ಅಪೆಂಡಿಕ್ಸ್ ಆಪರೇಷನ್ ಆಗಿ ಮಲಗಿದ್ದಾರೆ. ಇನ್ನೊಬ್ಬರನ್ನು ಹುಡುಕುವಷ್ಟು ಹೊತ್ತು ಇರಲಿಲ್ಲ. ಆದ್ದರಿಂದ ಪ್ರತಿ ಪಂದ್ಯದ ಹಿಂದಿನ ದಿನ 'ಇವರು ಆಡಬಹುದು' ಎಂದು ಸಹಿ ಹಾಕುವ ಕೆಲಸ ಫಿಸಿಯೋಥೆರಪಿಸ್ಟ್ ಆದ ನನ್ನ ತಲೆಗೆ ಬಿದ್ದಿದೆ. ನನ್ನ ಸಹಿ ಬೀಳದ ಹೆಸರು ಆಟದ ಪಟ್ಟಿಗೆ ಹೋಗುವಂತಿಲ್ಲ ಎಂಬ ನಿಯಮವನ್ನು ಮ್ಯಾನೇಜರ್ ಎರಡು ಸಲ ಓದಿ ಹೇಳಿದರು. ಮೂರು ವಾರದ ಕೆಲಸ. ಮುಗಿಸಿ ನನ್ನ ಕ್ಲಿನಿಕ್ಕಿಗೆ ವಾಪಸು.

ಚಿಕಿತ್ಸೆಗೆ ಆರನೇ ಮಹಡಿಯ ಇಸ್ತ್ರಿ ಕೋಣೆಯನ್ನು ಬಿಟ್ಟುಕೊಟ್ಟಿದ್ದಾರೆ. ಉದ್ದನೆಯ ಮೇಜು, ಒಂದು ಕಿಟಕಿ, ಸುಟ್ಟ ಬಟ್ಟೆಯ ವಾಸನೆ. ಸಾಕು.

ಹುಡುಗಿಯರ ಹೆಸರು ಇನ್ನೂ ಬಾಯಿಗೆ ಬಂದಿಲ್ಲ. ಬರಲೇಬೇಕೆಂದೂ ಇಲ್ಲ, ಬೆನ್ನ ಮೇಲೆ ನಂಬರಿದೆ. ಇಂದು ನೋಡಿದ್ದು: ನಾಲ್ಕು, ಮೀನಖಂಡ ಬಿಗಿ. ಹನ್ನೊಂದು, ಹೆಬ್ಬೆರಳಲ್ಲಿ ಬೊಬ್ಬೆ. ಒಂದು, ಗೋಲ್‌ಕೀಪರ್, ದೇಹ ಚೆನ್ನಾಗಿದೆ, ಮಾತು ಜಾಸ್ತಿ. ಎಂಟು ಎಲ್ಲರಿಗಿಂತ ಕೊನೆಯಲ್ಲಿ ಬಂದಳು, ಎಲ್ಲ ಸರಿಯಿದೆ ಎಂದಳು, ಹೋದಳು.

ಮನೆಯಿಂದ ಇವರು ಫೋನ್ ಮಾಡಿದ್ದರು. ಲಿಫ್ಟ್ ರಿಪೇರಿ ಮಾಡುವವರಲ್ಲವೇ, ನಾನು ಯಾವ ಊರಿಗೆ ಹೋದರೂ ಮೊದಲು ವಿಚಾರಿಸುವುದು ಅಲ್ಲಿನ ಲಿಫ್ಟನ್ನು. ಕೆಟ್ಟಿದೆ ಎಂದೆ. ಖುಷಿಪಟ್ಟರು. ಅತ್ತೆಗೆ ಮೊಣಕಾಲಿನ ಆಪರೇಷನ್ ಆಗಿ ಐದು ವಾರ. ನಾನು ಬರೆದಿಟ್ಟು ಬಂದ ವ್ಯಾಯಾಮದ ಹಾಳೆಯನ್ನು ಕನ್ನಡಕ ಸಿಗಲಿಲ್ಲವೆಂದು ಓದಿಲ್ಲವಂತೆ. ಕನ್ನಡಕ ಹಾಕಿಕೊಂಡು ಟಿವಿ ನೋಡುತ್ತಿದ್ದರಂತೆ.

ಜೂನ್ 6, ಶುಕ್ರವಾರ

ಮೊದಲ ಪಂದ್ಯ. 1–1. ನಮ್ಮ ಗೋಲು ಎಂಟರದ್ದು. ಫ್ರೀ ಕಿಕ್, ಎಡಗಾಲು. ಸಾಲಾಗಿ ಅಡ್ಡ ನಿಂತವರ ಪಕ್ಕದಿಂದ ಚೆಂಡು ಬಳಸಿಕೊಂಡು ಹೋಗಿ ಮೂಲೆ ಸೇರಿತು. ಕೋಚ್ ಸಂತೋಷ ತಡೆಯಲಾಗದೆ ನನ್ನ ಔಷಧದ ಚೀಲಕ್ಕೆ ಗುದ್ದಿದರು. ಕತ್ತರಿಯ ಹಿಡಿ ಬಗ್ಗಿದೆ.

ಊಟದ ಮೇಜಿನಲ್ಲಿ ಎಂಟನ್ನು ಉಳಿದವರು 'ಮೇಷ್ಟ್ರೇ' ಎಂದು ಕರೆಯುವುದು ಕೇಳಿತು. ಉಪ್ಪಿನ ಡಬ್ಬಿ, ಚಮಚ, ಲೋಟಗಳನ್ನು ಜೋಡಿಸಿಕೊಂಡು ಯಾರು ಎಲ್ಲಿ ನಿಲ್ಲಬೇಕಿತ್ತು ಎಂದು ಪಾಠ ಮಾಡುತ್ತಿದ್ದಳು. ವಯಸ್ಸು ಹದಿನಾರು. ನಾಲ್ಕರ ಲೋಟ ತಪ್ಪು ಜಾಗದಲ್ಲಿತ್ತಂತೆ. ನಾಲ್ಕು ಆ ಲೋಟದ ನೀರು ಕುಡಿದು, "ಈಗ ಲೋಟ ಖಾಲಿ, ನಾನು ಮನೆಗೆ ಹೋದೆ" ಎಂದಳು.

ಜೂನ್ 9, ಸೋಮವಾರ

2–0, ಗೆಲುವು. ಎರಡೂ ಗೋಲಿಗೆ ಚೆಂಡು ಒದಗಿಸಿದ್ದು ಎಂಟು.

ಮೈದಾನದಲ್ಲಿ ಏನೂ ಕಾಣಲಿಲ್ಲ. ಕಂಡದ್ದು ಹೋಟೆಲಿನ ಮೆಟ್ಟಿಲಲ್ಲಿ. ಎಲ್ಲರೂ ದಡದಡ ಇಳಿಯುತ್ತಿದ್ದಾಗ ಎಂಟು ಕಂಬಿ ಹಿಡಿದು ಎಡಪಾದವನ್ನು ಅಡ್ಡ ತಿರುಗಿಸಿ ಇಡುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಪಾದ ನೇರವಾಯಿತು. ಕೆಟ್ಟ ಲಿಫ್ಟಿನಿಂದ ನನಗೊಂದು ಉಪಕಾರವಾಯಿತು ಎಂದು ಇವರಿಗೆ ಹೇಳಬೇಕು.

ಜೂನ್ 10, ಮಂಗಳವಾರ

ಎಂಟನ್ನು ಇಸ್ತ್ರಿ ಕೋಣೆಗೆ ಕರೆಸಿ ಮೇಜಿನ ಮೇಲೆ ಕೂರಿಸಿದೆ.

"ನೋವಿದ್ಯಾ?"

"ಇಲ್ಲ ಮೇಡಂ."

ಪಾದದ ಮೇಲೆ, ಕೀಲಿನಿಂದ ಎರಡು ಬೆರಳು ಮುಂದೆ, ಅಂಗಿಯ ಗುಂಡಿಯಷ್ಟು ಜಾಗವನ್ನು ಒತ್ತಿದೆ. ಮುಖದಲ್ಲಿ ಏನೂ ಬದಲಾಗಲಿಲ್ಲ. ಆದರೆ ಇನ್ನೊಂದು ಕಾಲಿನ ಬೆರಳುಗಳು ಐದೂ ಮಡಚಿಕೊಂಡವು.

"ಈಗ?"

"ಇಲ್ಲ."

ಅಲ್ಲಿ ದೋಣಿಯಾಕಾರದ ಒಂದು ಚಿಕ್ಕ ಮೂಳೆಯಿದೆ. ಅದಕ್ಕೆ ರಕ್ತ ಹರಿಯುವುದೇ ಕಡಿಮೆ. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಕೂಡಲು ತಿಂಗಳುಗಟ್ಟಲೆ ಬೇಕು. ಅದರ ಮೇಲೆ ಓಡಿ ಪೂರ್ತಿ ಸೀಳಿದರೆ ಕೆಲವೊಮ್ಮೆ ಕೂಡುವುದೇ ಇಲ್ಲ. ಬಿರುಕೇ ಎಂದು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ. ಎರಡು ದಿನ ಅಭ್ಯಾಸ ಬೇಡ ಎಂದೆ. ಅವಳು ವಾದ ಮಾಡಲಿಲ್ಲ. ಮೇಜಿನಿಂದ ಬಲಗಾಲಿನ ಮೇಲೇ ಇಳಿದಳು.

ಜೂನ್ 12, ಗುರುವಾರ

ಮೂರನೇ ಪಂದ್ಯ ಗೆದ್ದರೆ ಕ್ವಾರ್ಟರ್ ಫೈನಲ್, ಇಲ್ಲದಿದ್ದರೆ ಮನೆ. ನಿನ್ನೆ ಕೋಚ್ ಬಂದು ಕೇಳಿಕೊಂಡರು, ಕೊನೆಯ ಇಪ್ಪತ್ತು ನಿಮಿಷವಾದರೂ ಅವಳು ಬೇಕು ಎಂದು. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ 'ಇಪ್ಪತ್ತು ನಿಮಿಷ ಮಾತ್ರ' ಎಂದು ಬರೆದು ಸಹಿ ಹಾಕಿದೆ. ಇಪ್ಪತ್ತು ಯಾವ ಲೆಕ್ಕವೋ, ನನಗೇ ಗೊತ್ತಿಲ್ಲ.

ಎಪ್ಪತ್ತನೇ ನಿಮಿಷಕ್ಕೆ ಇಳಿದಳು. ಎಂಬತ್ತೊಂದಕ್ಕೆ ಅವಳ ಪಾಸ್, ಗುಬ್ಬಿಯ ಗೋಲು. ಗುಬ್ಬಿ ಎಂದರೆ ಹದಿನೆಂಟನೇ ನಂಬರು, ತಂಡದಲ್ಲಿ ಎಲ್ಲರಿಗಿಂತ ಕಿರಿಯಳು, ಅಂಗಿ ಮೊಣಕಾಲಿನವರೆಗೆ ಬರುತ್ತದೆ. 1–0. ನಮ್ಮ ದೇಶದ ಯಾವ ಕಿರಿಯರ ತಂಡವೂ ಇಲ್ಲಿಯವರೆಗೆ ಬಂದಿರಲಿಲ್ಲವಂತೆ. ಬಸ್ಸಿನಲ್ಲಿ ಕುಣಿತ. ಮ್ಯಾನೇಜರ್ ಕೂಡ ಕೂತಲ್ಲೇ ಹೆಗಲು ಕುಣಿಸಿದರು.

ಮೇಷ್ಟ್ರು ಕುಣಿಯಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದಳು. ಇಳಿಯುವಾಗ ನಾನು ತೋಳು ಕೊಟ್ಟೆ. ಬೇಡ ಎನ್ನಲಿಲ್ಲ. ಅದೇ ಗಾಬರಿಯಾಯಿತು.

ಜೂನ್ 13, ಶುಕ್ರವಾರ

ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ. ಈ ಮೂಳೆಯ ಬಿರುಕು ಎಕ್ಸ್‌ರೇಗೆ ಸಿಗದೆ ತಪ್ಪಿಸಿಕೊಳ್ಳುವುದೇ ಹೆಚ್ಚು. ಎಂಆರ್‌ಐ ಯಂತ್ರ ರಿಪೇರಿಯಲ್ಲಿದೆ, ಮಂಗಳವಾರಕ್ಕೆ ಸರಿಹೋಗುತ್ತದೆ ಎಂದರು. ಪಂದ್ಯ ಭಾನುವಾರ. ಅಲ್ಲಿನ ಡಾಕ್ಟರ್ ಒಳ್ಳೆಯವರು. "ಚಿತ್ರದಲ್ಲಿ ಇಲ್ಲದ್ದನ್ನು ಇದೆ ಎನ್ನಲಾರೆ, ನಿರ್ಧಾರ ನಿಮ್ಮದು" ಎಂದು ಕೈ ತೊಳೆದುಕೊಂಡರು. ನಿಜವಾಗಿಯೂ ಸೋಪು ಹಾಕಿ ತೊಳೆದುಕೊಂಡರು, ಊಟದ ಹೊತ್ತಾಗಿತ್ತು.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಅವಳು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಂಡೇ ಕೂತಿದ್ದಳು.

"ಚೆನ್ನಾಗಿದೆ ಅಲ್ವಾ ಮೇಡಂ, ನನ್ನ ಕಾಲು?"

ಚೆನ್ನಾಗಿದೆ ಎಂದೆ.

ಜೂನ್ 14, ಶನಿವಾರ

ಎಲ್ಲವನ್ನೂ ಬರೆದಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ನೆನಪು ಕೈಕೊಡಬಾರದು.

ಹತ್ತು ಗಂಟೆಗೆ ಕೋಚ್ ಪಟ್ಟಿ ಹಿಡಿದುಕೊಂಡು ಇಸ್ತ್ರಿ ಕೋಣೆಗೆ ಬಂದರು. ಅವರಿಗೆ ಐವತ್ತಾರು. ತಾವೂ ದೇಶಕ್ಕೆ ಆಡಿದವರು, ಎರಡೂ ಮೊಣಕಾಲು ಸವೆದಿವೆ, ಆರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ಕುರ್ಚಿ ಇರಲಿಲ್ಲ. ಮೇಜಿನ ಮೇಲೇ ಕೂತರು.

"ಇಪ್ಪತ್ತು ನಿಮಿಷಕ್ಕೆ ಹಾಕಿದ್ರಲ್ಲ ಮೇಡಂ. ಇನ್ನೊಂದು ಇಪ್ಪತ್ತು ಕೊಡಿ."

"ಅವತ್ತು ಹಾಕಿದ್ದೇ ತಪ್ಪು ಸರ್. ನೋವು ಹೆಚ್ಚಾಗಿದೆ."

"ಅವಳು ಇಲ್ಲ ಅಂತಾಳೆ."

"ಅವಳು ಕಾಲು ಕತ್ತರಿಸಿದ್ರೂ ಇಲ್ಲ ಅಂತಾಳೆ."

ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ ನಿಧಾನವಾಗಿ ಹೇಳಿದರು: "ನನಗೆ ಇದೇ ಕೊನೇ ತಂಡ. ಅದು ಬಿಡಿ. ಆ ಮಗೂಗೆ ಇಂಥ ಪಂದ್ಯ ಮತ್ತೆ ಸಿಗತ್ತೆ ಅಂತ ನೀವು ಬರೆದುಕೊಡ್ತೀರಾ? ನೂರು ಜನ ಆಡ್ತಾರೆ, ಒಬ್ಬಳಿಗೂ ಸಿಗಲ್ಲ."

"ಮೂಳೆ ಸೀಳಲ್ಲ ಅಂತ ನೀವು ಬರೆದುಕೊಡ್ತೀರಾ ಸರ್?"

ಇಬ್ಬರೂ ಬರೆದುಕೊಡಲಿಲ್ಲ. ನಾನು ಇಪ್ಪತ್ತು ಹೆಸರಿಗೆ ಸಹಿ ಹಾಕಿ ಪಟ್ಟಿ ಕೊಟ್ಟೆ. ಅವರು ಅದನ್ನು ಮಡಚದೆ ಹಿಡಿದುಕೊಂಡು ಹೋದರು. ಒಂದು ಕೆಟ್ಟ ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಅರ್ಧ ಗಂಟೆ ಕಳೆದು ಮೇಷ್ಟ್ರು ಬಂದಳು. ಬಾಗಿಲಲ್ಲೇ ನಿಂತು ಎಡಗಾಲೊಂದರಲ್ಲೇ ಹತ್ತು ಸಲ ಕುಪ್ಪಳಿಸಿದಳು. ಎಣಿಸಿ ಕುಪ್ಪಳಿಸಿದಳು, ನನಗೆ ಕೇಳುವಂತೆ. ಹತ್ತನೆಯದಕ್ಕೆ ಹಣೆಯಲ್ಲಿ ಬೆವರಿತ್ತು.

"ನೋಡಿದ್ರಾ?"

"ನೋಡಿದೆ."

"ನಾನು ಬರೆದುಕೊಡ್ತೀನಿ. ಏನಾದ್ರೂ ಆದ್ರೆ ನನ್ನದೇ ಜವಾಬ್ದಾರಿ ಅಂತ. ಅಮ್ಮನ ಕೈಲೂ ಬರೆಸಿ ತರಿಸ್ತೀನಿ."

"ಬೇಡ."

"ಕಾಲು ನಂದು ಮೇಡಂ!"

ನಿಜ. ಕೂತುಕೋ, ಐಸ್ ಇಡುತ್ತೇನೆ ಎಂದೆ. ಕೂರಲಿಲ್ಲ. ಬಾಗಿಲು ಬಡಿದುಕೊಂಡು ಹೋದಳು. ಸಂಜೆ ಊಟದ ಮೇಜಿನಲ್ಲಿ ನಾನು ಕೂತ ಕಡೆ ಯಾರೂ ಬರಲಿಲ್ಲ. ಗೋಲ್‌ಕೀಪರ್ ಮಾತ್ರ ದೂರದಿಂದ ಬ್ರೆಡ್ಡಿನ ತಟ್ಟೆ ದೂಡಿದಳು. ಅವಳ ಅಡ್ಡಹೆಸರು ದೊರೆಸಾನಿ. ಬ್ರೆಡ್ ಚೆನ್ನಾಗಿತ್ತು.

ಜೂನ್ 15, ಭಾನುವಾರ

ಸೋತೆವು. 2–1.

ಜೂನ್ 16, ಸೋಮವಾರ

ನಿನ್ನೆ ಬರೆಯಲು ಮನಸ್ಸಾಗಲಿಲ್ಲ.

ಇಪ್ಪತ್ತನೇ ನಿಮಿಷಕ್ಕೆ ಅವರು ಒಂದು ಗೋಲು ಹೊಡೆದರು. ಅರವತ್ತೊಂದಕ್ಕೆ ಗುಬ್ಬಿ ಸಮ ಮಾಡಿದಳು. ಮೇಷ್ಟ್ರ ಜಾಗದಲ್ಲಿ ಆಡುತ್ತಿದ್ದವಳು ಅವಳೇ. ಹೊಡೆದ ಮೇಲೆ ತಾನೇ ನಂಬದವಳಂತೆ ಗೆರೆಯ ಬಳಿಯ ಸಹಾಯಕ ರೆಫರಿಯನ್ನು ನೋಡಿದಳು.

ಎಂಬತ್ತಾರಕ್ಕೆ ಕತ್ತರಿಯ ಮೀನಖಂಡ ಹಿಡಿದುಕೊಂಡಿತು. ಕತ್ತರಿ ಎಂದರೆ ನಾಲ್ಕು. ಚೆಂಡನ್ನು ಕತ್ತರಿಸಿ ಕಿತ್ತುಕೊಳ್ಳುತ್ತಾಳೆಂದು ಆ ಹೆಸರು ಎಂದುಕೊಂಡಿದ್ದೆ. ಅಲ್ಲ, ತಂಡದವರ ಕೂದಲು ಕತ್ತರಿಸುವವಳು ಅವಳಂತೆ. ರೆಫರಿ ನನ್ನನ್ನು ಕರೆದರು. ಓಡಿದೆ. ಒಳಗೆ ಚಿಕಿತ್ಸೆ ಪಡೆದವಳು ಒಮ್ಮೆ ಗೆರೆಯಿಂದಾಚೆ ಬಂದೇ ಮತ್ತೆ ಒಳಗೆ ಹೋಗಬೇಕು, ಅದು ನಿಯಮ. ಗೆರೆಯಾಚೆ ಮಲಗಿಸಿ ಅವಳ ಹಿಮ್ಮಡಿ ಹಿಡಿದು ಪಾದ ಎಳೆಯುತ್ತಿದ್ದೆ. ನಮ್ಮವರು ಒಳಗೆ ಹತ್ತೇ ಜನ. ಅಷ್ಟರಲ್ಲಿ ಅವರಿಗೆ ಕಾರ್ನರ್ ಸಿಕ್ಕಿತು. ನಾನು ಮೈದಾನಕ್ಕೆ ಬೆನ್ನು ಮಾಡಿದ್ದೆ. ಸದ್ದು ಕೇಳಿತು. ಕತ್ತರಿ ನನ್ನ ಹೆಗಲ ಮೇಲಿನಿಂದ ನೋಡುತ್ತಿದ್ದಳು, ಅವಳ ಮುಖದಲ್ಲೇ ಗೋಲು ಗೊತ್ತಾಯಿತು.

"ಅವಳನ್ನ ಹಿಡೀಬೇಕಾಗಿದ್ದು ನಾನು" ಎಂದಳು. ತಲೆಯಿಂದ ಗೋಲು ಹೊಡೆದವಳನ್ನು ಕುರಿತು.

ತೊಂಬತ್ತು ನಿಮಿಷದ ಮೇಲೆ ರೆಫರಿ ಸೇರಿಸಿದ ಸಮಯದ ಮೂರನೇ ನಿಮಿಷದಲ್ಲಿ ನಮಗೆ ಫ್ರೀ ಕಿಕ್ ಸಿಕ್ಕಿತು. ಮೊದಲ ಪಂದ್ಯದಲ್ಲಿ ಮೇಷ್ಟ್ರು ಹೊಡೆದದ್ದು ಹೆಚ್ಚುಕಡಿಮೆ ಅದೇ ಜಾಗದಿಂದ. ಅದು ಕ್ರೀಡಾಂಗಣದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೇಷ್ಟ್ರು ಬೆಂಚಿನ ಕೊನೆಯಲ್ಲಿ, ನನ್ನ ಚೀಲದ ಪಕ್ಕ ಕೂತಿದ್ದಳು. ಬೆಳಗ್ಗಿನಿಂದ ನನ್ನೊಡನೆ ಮಾತಿಲ್ಲ. ಗುಬ್ಬಿ ಚೆಂಡಿಟ್ಟು ಹಿಂದೆ ಹೆಜ್ಜೆಯಿಡುತ್ತಾ ಇತ್ತ ತಿರುಗಿದಳು. ಮೇಷ್ಟ್ರು ಎದ್ದು ನಿಂತು ಕೈಯನ್ನು ಸ್ವಲ್ಪ ಎಡಕ್ಕೆ ಆಡಿಸಿದಳು. ಇನ್ನೂ ಸ್ವಲ್ಪ. ಹಾಂ, ಅಲ್ಲೇ. ಗುಬ್ಬಿ ಹಾಗೇ ನಿಂತಳು.

ನಾನು ಚೆಂಡು ನೋಡಲಿಲ್ಲ, ಮೇಷ್ಟ್ರನ್ನು ನೋಡುತ್ತಿದ್ದೆ. ಗುಬ್ಬಿ ಓಡಿದಾಗ ಇವಳ ಎಡಗಾಲೂ ನೆಲದಿಂದ ಎದ್ದಿತು. ಮೇಲಿನ ಅಡ್ಡಕಂಬಿಗೆ ಚೆಂಡು ಬಡಿದ ಸದ್ದು, ಅಗಲವಾದ ತಗಡಿನ ಡಬ್ಬಿ ಬಿದ್ದಂತೆ. ಆಮೇಲೆ ಕೊನೆಯ ಸೀಟಿ. ಪಂದ್ಯದ ಎರಡು ಮುಖ್ಯ ಗಳಿಗೆಗಳು ನನಗೆ ಕಿವಿಯಿಂದಲೇ ಸಿಕ್ಕಿದ್ದು.

ಮೇಷ್ಟ್ರು ಕುಂಟುತ್ತಾ ಹೋಗಿ, ನೆಲಕ್ಕೆ ಕುಸಿದಿದ್ದ ಗುಬ್ಬಿಯನ್ನು ಎಬ್ಬಿಸಿದಳು. ಏನೋ ಹೇಳಿದಳು. ಗುಬ್ಬಿ ಅವಳ ಕತ್ತಿಗೆ ಜೋತುಬಿದ್ದಳು. ಗುಬ್ಬಿಯ ತೂಕವೆಲ್ಲ ಮೇಷ್ಟ್ರ ಎಡಗಾಲಿನ ಮೇಲೆ ಬೀಳುತ್ತಿದೆಯಲ್ಲ ಎಂದುಕೊಂಡೆ. ಓಡಿಹೋಗಿ ಬಿಡಿಸಬೇಕೆನ್ನಿಸಿತು. ಹೋಗಲಿಲ್ಲ.

ಕೋಚ್ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತರು. "ನೀವು ಸಹಿ ಹಾಕಿದ್ದಿದ್ರೆ..." ಎಂದರು. ಮುಂದೆ ಹೇಳದೆ, ಮಂಡಿಗೆ ಐಸ್ ಇದೆಯಾ ಎಂದು ಕೇಳಿದರು. ಇತ್ತು, ಕೊಟ್ಟೆ.

ಇವತ್ತು ಕೆಲಸ: ಕತ್ತರಿಗೆ ಮಾಲಿಷ್, ಅವಳಿಗೆ ಬೇಡವಾಗಿದ್ದರೂ. ಗುಬ್ಬಿ ಮೂರು ಸಲ ಹೊಟ್ಟೆನೋವೆಂದು ಬಂದಳು. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಮೂರನೇ ಸಲ ಮೇಜಿನ ಮೇಲೇ ನಿದ್ದೆಹೋದಳು, ಎಬ್ಬಿಸಲಿಲ್ಲ. ಸಾಮಾನನ್ನು ನೆಲದ ಮೇಲೆ ಕೂತು ಕಟ್ಟಿದೆ.

ಜೂನ್ 18, ಬುಧವಾರ

ನಿನ್ನೆ ಊರು ಸೇರಿದೆವು. ಇವತ್ತು ಕ್ಲಿನಿಕ್ ಬಾಗಿಲು ತೆರೆದೆ. ಬೆಳಿಗ್ಗೆಯೇ ಮ್ಯಾನೇಜರ್ ಫೋನ್. ಫುಟ್‌ಬಾಲ್ ಸಂಘಕ್ಕೆ ನನ್ನ ವರದಿ ಬೇಕಂತೆ. ಪತ್ರಿಕೆಯವರು ಎಂಟನೇ ನಂಬರನ್ನು ಯಾಕೆ ಕೂರಿಸಿದರು ಎಂದು ಕೇಳುತ್ತಿದ್ದಾರಂತೆ.

"ದೊಡ್ಡದೇನೂ ಬೇಡ ಮೇಡಂ. 'ಆಟಗಾರ್ತಿ ತಾನೇ ನೋವೆಂದು ಹಿಂದೆ ಸರಿದಳು' ಅಂತ ಒಂದು ಸಾಲು ಸಾಕು. ಕೋಚ್ ಸಾಹೇಬರೂ ಬಚಾವ್, ನೀವೂ ಬಚಾವ್."

"ಅವಳು?"

"ಅವಳು ಚಿಕ್ಕವಳು. ನಾಲ್ಕು ದಿನಕ್ಕೆ ಜನ ಮರೀತಾರೆ."

ಆಮೇಲೆ ಫೋನ್ ಮಾಡುತ್ತೇನೆ ಎಂದೆ.

ಮೂರು ಸಾಲು ಬರೆದೆ. ಆಟಗಾರ್ತಿ ಆಡಲು ಸಿದ್ಧಳಿದ್ದಳು, ಒತ್ತಾಯಿಸಿ ಕೇಳಿದಳು. ಎಕ್ಸ್‌ರೇಯಲ್ಲಿ ದೋಷ ಕಂಡಿರಲಿಲ್ಲ. ಮೂಳೆ ಬಿರುಕಿನ ಅನುಮಾನದ ಮೇಲೆ ಸಹಿ ನಿರಾಕರಿಸಿದ್ದು ನಾನು. ಟೈಪ್ ಮಾಡಿ ಮಧ್ಯಾಹ್ನದ ಊಟಕ್ಕೆ ಮುಂಚೆ ಕಳಿಸಿದೆ. ಊಟದ ನಂತರವಾಗಿದ್ದರೆ ನನ್ನನ್ನು ಸಮರ್ಥಿಸಿಕೊಳ್ಳುವ ನಾಲ್ಕನೇ ಸಾಲೊಂದನ್ನು ಸೇರಿಸುತ್ತಿದ್ದೆನೇನೋ.

ಅತ್ತೆಯ ಮೊಣಕಾಲು ನಾನು ಬಿಟ್ಟುಹೋದಲ್ಲೇ ಇದೆ. ಒಂದು ಇಂಚೂ ಹೆಚ್ಚು ಮಡಚುತ್ತಿಲ್ಲ. "ನೀನಿಲ್ಲ ಅಂತ ಬೇಜಾರಾಗಿ ಅದೂ ಮುಷ್ಕರ ಹೂಡಿತ್ತು ಕಣೇ" ಎಂದರು.

ಜೂನ್ 19, ಗುರುವಾರ

ಒಂದು ಪತ್ರಿಕೆಯಲ್ಲಿ ಬಂದಿದೆ: 'ಫಿಸಿಯೋ ಹಟಕ್ಕೆ ಪಂದ್ಯ ಬಲಿ'. ಇವರು ಅದನ್ನು ದಿಂಬಿನಡಿ ಬಚ್ಚಿಟ್ಟಿದ್ದರು. ಹಾಸಿಗೆ ಸರಿಮಾಡುವವಳು ನಾನೇ ಎಂಬುದು ಮರೆತಿತ್ತು.

"ಲಿಫ್ಟಿನ ಹಗ್ಗದ ಮೇಲೆ ಅನುಮಾನ ಬಂದ್ರೆ ನಾನು ಬೀಗ ಹಾಕಿಬಿಡ್ತೀನಿ" ಎಂದರು. "ಬಿಚ್ಚಿ ನೋಡಿದಾಗ ಹಗ್ಗ ಗಟ್ಟಿಯಾಗೇ ಇರತ್ತೆ, ಎಷ್ಟೋ ಸಲ. ಎಂಟು ಮಹಡಿ ಹತ್ತಿ ಸುಸ್ತಾದೋರು ಬೈದೇ ಬೈತಾರೆ. ಬೈಸ್ಕೊಳ್ಳೋದೂ ಸಂಬಳದಲ್ಲಿ ಸೇರಿದೆ."

"ಲಿಫ್ಟಿಗೆ ಹದಿನಾರು ವರ್ಷದ ಮಗಳ ಮುಖ ಇರಲ್ಲ" ಎಂದೆ.

'ಹುಡುಗಿ' ಎನ್ನುವ ಬದಲು 'ಮಗಳು' ಎಂದು ಯಾಕೆ ಬಾಯಿಗೆ ಬಂತೋ. ಇವರು ಪತ್ರಿಕೆಯನ್ನು ಮಡಚಿ ಕೆಲಸದ ಚೀಲಕ್ಕೆ ಹಾಕಿಕೊಂಡರು, ಗ್ರೀಸ್ ಒರೆಸಲು ಆಗುತ್ತದೆ ಎಂದು.

ಜೂನ್ 20, ಶುಕ್ರವಾರ

ಮೇಷ್ಟ್ರ ಪಾದದ ಎಂಆರ್‌ಐಯನ್ನು ಸಂಘದವರು ಇಲ್ಲಿ ಮಾಡಿಸಿದರು. ಸಂಜೆ ನಾಲ್ಕಕ್ಕೆ ವರದಿ ನನಗೆ ಬಂತು.

ಮೂಳೆಗೆ ಏನೂ ಆಗಿಲ್ಲ. ಬಿರುಕಿಲ್ಲ, ಬಿರುಕಿನ ಮೊದಲ ಸೂಚನೆಯೂ ಇಲ್ಲ. ಮೂಳೆಯ ಮೇಲೆ ಹಾದುಹೋಗುವ ಸ್ನಾಯುರಜ್ಜು ಊದಿದೆ, ಅಷ್ಟೆ. ಬಿಗಿಯಾಗಿ ಟೇಪ್ ಸುತ್ತಿ ಆಡಬಹುದಿತ್ತು. ನೋಯುತ್ತಿತ್ತು, ಕೆಡುತ್ತಿರಲಿಲ್ಲ.

ಸ್ಕ್ಯಾನ್ ಓದಿದ ಡಾಕ್ಟರಿಗೆ ಫೋನ್ ಮಾಡಿ ಇನ್ನೊಮ್ಮೆ ನೋಡಿ ಎಂದೆ. ನೋಡಿದರು. ಅದೇ ಹೇಳಿದರು. "ಒಳ್ಳೇ ಸುದ್ದಿ ಅಲ್ವಾ?" ಎಂದರು. ಹೌದು ಎಂದೆ. ಒಳ್ಳೆಯ ಸುದ್ದಿಯೇ.

ನಾಲ್ಕೂವರೆಯ ರೋಗಿಗೆ ಬಲಭುಜದ ಬದಲು ಎಡಭುಜಕ್ಕೆ ಮಾಲಿಷ್ ಶುರುಮಾಡಿದ್ದೆ. ಪಾಪ, ಅವರು ಹತ್ತು ನಿಮಿಷ ಸಂಕೋಚದಿಂದ ಸುಮ್ಮನಿದ್ದರು.

ಜೂನ್ 22, ಭಾನುವಾರ

ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಬಸ್ಸು ಹತ್ತಿ ಹೋದೆ. ಟೈರ್ ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ತಾಯಿ ಬ್ರೆಡ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದರು, ಹುಬ್ಬಿನ ಮೇಲೆ ಹಿಟ್ಟಿತ್ತು. ನನ್ನನ್ನು ನೋಡಿ ಗಾಬರಿಯಾದರು. ಕುರ್ಚಿ ಒರೆಸಿದರು. ಮೇಷ್ಟ್ರು ಒಳಗಿನಿಂದ ಬಂದು ಗೋಡೆಗೊರಗಿ ನಿಂತಳು.

ನಿಂತುಕೊಂಡೇ ಹೇಳಿದೆ. ಮೂಳೆ ಚೆನ್ನಾಗಿದೆ. ನನ್ನ ಅನುಮಾನ ಸುಳ್ಳಾಯಿತು. ಆ ಪಂದ್ಯ ನೀನು ಆಡಬಹುದಿತ್ತು.

ತಾಯಿ "ಸದ್ಯ!" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು. "ಮೂಳೆ ಚೆನ್ನಾಗಿದೆಯಂತಲ್ಲೇ, ಇನ್ನೇನು ಬೇಕು?"

"ಅಮ್ಮಾ, ಸುಮ್ನಿರು ನೀನು."

ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು.

"ನಾನು ಹೇಳಿದ್ದೆ."

"ಹೇಳಿದ್ದೆ."

"ಹತ್ತು ಸಲ ಕುಪ್ಪಳಿಸಿ ತೋರಿಸಿದ್ದೆ."

"ಹೌದು."

"ಸಣ್ಣ ಬಿರುಕಿತ್ತು ಅಂತ ಸುಳ್ಳು ಹೇಳಬಹುದಿತ್ತಲ್ಲ ನೀವು? ನನಗೇನು ಗೊತ್ತಾಗ್ತಿತ್ತು? ಆರಾಮಾಗಿ ಇರ್ತಿದ್ದೆ."

"ನಿನ್ನ ಕಾಲಿನ ವಿಷಯ. ನಿನಗೆ ಗೊತ್ತಿರಬೇಕು ಅನ್ನಿಸಿತು."

"ಈಗ ಗೊತ್ತಾಯ್ತು" ಎಂದು ಒಳಗೆ ಹೋದಳು. ಬಾಗಿಲು ಬಡಿಯಲಿಲ್ಲ. ಮೆಲ್ಲಗೆ ಮುಚ್ಚಿದಳು.

ತಾಯಿ ಮೆಟ್ಟಿಲಿನವರೆಗೆ ಬಂದು, "ಬೇಜಾರು ಮಾಡ್ಕೋಬೇಡಿ, ಮೊದಲಿಂದಲೂ ಹಟಮಾರಿ" ಎಂದರು. ಕಾಗದದಲ್ಲಿ ಸುತ್ತಿದ ಬಿಸಿ ಬ್ರೆಡ್ ಕೈಗಿತ್ತರು. ಬಸ್ಸಿನಲ್ಲಿ ಪೂರ್ತಿ ದಾರಿ ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ನಾನು ಇಳಿಯಬೇಕಾದ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿದ್ದೆ.

ಜೂನ್ 27, ಶುಕ್ರವಾರ

ಸಂಘದ ಪತ್ರ ಬಂತು. ನನ್ನ ಸೇವೆಗೆ ವಂದನೆಗಳು. ಮುಂದಿನ ಪ್ರವಾಸಕ್ಕೆ ಬೇರೆಯವರನ್ನು ಗೊತ್ತು ಮಾಡಿದ್ದಾರೆ. ಪತ್ರದಲ್ಲಿ ನನ್ನ ಹೆಸರಿನ ಅಕ್ಷರ ತಪ್ಪಿದೆ.

ದೊರೆಸಾನಿ ಫೋನ್ ಮಾಡಿ ನಲವತ್ತು ನಿಮಿಷ ಮಾತಾಡಿದಳು. ವಿಷಯ ಏನಿತ್ತೆಂದು ಈಗ ನೆನಪಿಲ್ಲ. ಕತ್ತರಿ ತನ್ನ ಕೂದಲನ್ನೇ ಕತ್ತರಿಸಿಕೊಂಡು ಹಾಳುಮಾಡಿಕೊಂಡಿದ್ದಾಳಂತೆ. ಗುಬ್ಬಿ ಎರಡು ವಾರದಲ್ಲಿ ಒಂದು ಸೆಂಟಿಮೀಟರ್ ಬೆಳೆದಿದ್ದಾಳಂತೆ, ಇವಳೇ ಅಳೆದಳಂತೆ. ಮೇಷ್ಟ್ರ ಸುದ್ದಿ ತಾನಾಗಿ ಬರಲಿ ಎಂದು ಕಾದೆ. ಬರಲಿಲ್ಲ. ನಾನೇ ಕೇಳಿದೆ. "ಅವಳು ಯಾರ ಜೊತೆನೂ ಮಾತಾಡಲ್ಲ ಮೇಡಂ" ಎಂದಳು.

ಅತ್ತೆ ಇವತ್ತು ಕುರ್ಚಿ ಹಿಡಿಯದೆ ಎದ್ದರು. ಚಪ್ಪಾಳೆ ತಟ್ಟಿದೆ. "ನಾನೇನು ಮಗುವಾ?" ಎಂದು ಬೈದು, ಇನ್ನೊಂದು ಸಲ ಎದ್ದು ತೋರಿಸಿದರು.

ಜುಲೈ 8, ಮಂಗಳವಾರ

ಹನ್ನೊಂದು ಗಂಟೆಗೆ ಮೇಷ್ಟ್ರು ಕ್ಲಿನಿಕ್ಕಿಗೆ ಬಂದಳು. ಬರುತ್ತೇನೆಂದು ಮೊದಲೇ ತಿಳಿಸಿರಲಿಲ್ಲ. ಹೊರಗೆ ಬೆನ್ನುನೋವಿನ ಲಾರಿ ಡ್ರೈವರ್ ಕೂತಿದ್ದರು. ಅವರನ್ನು ದಾಟಿ ನೇರವಾಗಿ ಒಳಗೆ ಬಂದು ಮಂಚ ಹತ್ತಿ ಕೂತು, ಎಡಗಾಲಿನ ಶೂ ಬಿಚ್ಚಿದಳು.

"ಸೋಮವಾರ ದೊಡ್ಡವರ ತಂಡದ ಕ್ಯಾಂಪ್. ಕರೆದಿದ್ದಾರೆ. ಅಲ್ಲಿನ ಫಿಸಿಯೋಗೆ ಕೊಡೋಕೆ ಒಂದು ಚೀಟಿ ಬೇಕು."

ಪಾದ ಕೈಗೆತ್ತಿಕೊಂಡು ನೋಡಿದೆ. ಊತ ಇಳಿದಿದೆ. ಕೀಲು ಎಲ್ಲ ದಿಕ್ಕಿಗೂ ಸಲೀಸಾಗಿ ತಿರುಗಿತು. ದಿನಾ ಟೇಪ್ ಸುತ್ತಬೇಕು, ಮೊದಲ ವಾರ ಗಟ್ಟಿ ನೆಲದ ಮೇಲೆ ಓಟ ಬೇಡ ಎಂದೆ. ತಲೆಯಾಡಿಸಿದಳು. ನಾನು ಚೀಟಿ ಬರೆಯಲು ಕಾಲು ಬಿಡಬೇಕಿತ್ತು. ಅಷ್ಟರಲ್ಲಿ ಅವಳು ಕೇಳಿದಳು:

"ನಾನು 15ನೇ ತಾರೀಕು ಆಡಿದ್ದಿದ್ರೆ ಗೆಲ್ತಿದ್ವಾ?"

ಇಂಥ ಪ್ರಶ್ನೆಗೆ ಹೇಳುವ ಮಾತು ಎಲ್ಲರ ಬಳಿಯೂ ಒಂದಿರುತ್ತದೆ. ನನ್ನ ಬಾಯಿಯವರೆಗೂ ಬಂದಿತ್ತು. ಅವಳು ಕೈಯೆತ್ತಿ ತಡೆದಳು.

"ಕೋಚ್ ಸರ್ ಹೇಳಿದ್ರು, ನೀನಿದ್ರೂ ಅಷ್ಟೇ ಆಗ್ತಿತ್ತು ಅಂತ. ಅಮ್ಮ ಹೇಳಿದ್ಲು. ಗುಬ್ಬಿ ಅಳ್ತಾ ಹೇಳಿದ್ಲು. ನೀವು ಹೇಳಿ."

"ಗೆಲ್ತಿದ್ವಿ ಅಂತ ನನಗನ್ನಿಸತ್ತೆ" ಎಂದೆ. "ಆ ಫ್ರೀ ಕಿಕ್ ನೀನು ಹೊಡೆದಿದ್ರೆ ಒಳಗೆ ಹೋಗ್ತಿತ್ತು. ಆಮೇಲೆ ಇನ್ನೊಂದನ್ನೂ ಹೊಡೀತಿದ್ದೆ."

ಅವಳು ನನ್ನನ್ನೇ ನೋಡಿದಳು.

"ನನಗೂ ಹಾಗೇ ಅನ್ನಿಸತ್ತೆ" ಎಂದಳು. ಆಮೇಲೆ ತಡೆಯಲಾಗಲಿಲ್ಲ. ಮುಂಗೈಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು, ಚಿಕ್ಕ ಮಕ್ಕಳು ಅಳುವಂತೆ, ಬಿಕ್ಕಿ ಬಿಕ್ಕಿ, ಮೂಗು ಸುರಿಯುತ್ತಾ. ಸೋತ ದಿನವೂ ಅವಳು ಅತ್ತಿರಲಿಲ್ಲ.

ಅವಳ ಪಾದ ನನ್ನ ಎರಡೂ ಕೈಗಳಲ್ಲಿತ್ತು. ಪರೀಕ್ಷೆ ಮುಗಿದಿತ್ತು, ಹಿಡಿದಿರಬೇಕಾದ ಕಾರಣವೇನೂ ಇರಲಿಲ್ಲ. ಹಿಡಿದೇ ಇದ್ದೆ.

ಲಾರಿ ಡ್ರೈವರ್ ಪರದೆ ಸರಿಸಿ ಇಣುಕಿದರು. ಇನ್ನೊಂದು ಸ್ವಲ್ಪ ಹೊತ್ತು ಕೂತಿರಿ ಎಂದೆ.